ಜಾಕಿ ಕೊಟ್ಟ ಕೈ

ಪೀಣ್ಯದ ನಮ್ಮ ವರ್ಕ್‌ಶಾಪಿನಿಂದ ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಗೆ ಪ್ರೆಸ್ ಮಷಿನ್ ಕೂರಿಸಲು ಹೋದವರು ಮೂವರು. ಸೂಪರ್‌ವೈಸರ್ ಶಿವಶಂಕರ್, ಫಿಟ್ಟರ್ ಕೊಟ್ರಪ್ಪ ಕಾಕಾ, ಅವನ ಕೈಕೆಳಗೆ ನಾನು. ಹತ್ತು ದಿನದ ಕೆಲಸ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಓಡಾಡಲು ಆಗುವುದಿಲ್ಲ ಎಂದು ಅಲ್ಲೇ ರೂಮು ಕೊಟ್ಟರು. ರೂಮಿನ ಜೊತೆಗೆ ಯೋಗವನ್ನೂ ಕೊಟ್ಟರು.

ಆ ಫ್ಯಾಕ್ಟರಿಯ ಪದ್ಧತಿ ಹಾಗೆ. ಬೆಳಿಗ್ಗೆ ಏಳೂವರೆಗೆ ಒಳಗಿನವರು, ಹೊರಗಿನಿಂದ ಬಂದವರು, ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಇಪ್ಪತ್ತು ನಿಮಿಷ ಯೋಗ ಮಾಡಬೇಕು. ಸೇಫ್ಟಿ ಆಫೀಸರ್ ರುದ್ರೇಶ್ ಪಟ್ಟಿ ಹಿಡಿದು ನೋಡುತ್ತಿರುತ್ತಾನೆ. ಕೈಕಾಲು ಸರಿಯಾಗಿ ಆಡದವನ ಗೇಟ್ ಪಾಸ್ ಅವತ್ತೇ ರದ್ದು. ಅಂಗಳದ ಬೋರ್ಡಿನಲ್ಲಿ ಮಾತ್ರ ಇದು ಆರೋಗ್ಯಕ್ಕೆ ಎಂದು ಬರೆದಿದ್ದಾರೆ.

ಕಾಕಾನ ಬಲಗೈ ಭುಜಕ್ಕಿಂತ ಮೇಲೆ ಹೋಗುವುದಿಲ್ಲ. ಹೋದ ಯುಗಾದಿಯ ಹಿಂದಿನ ವಾರ ವರ್ಕ್‌ಶಾಪಿನಲ್ಲಿ ಭಾರ ಎತ್ತುವ ಚೈನ್ ಪುಲ್ಲಿ ಕಳಚಿ ಅವನ ಭುಜದ ಮೇಲೆ ಬಿತ್ತು. ನಾನು ಎರಡು ಮಾರು ದೂರದಲ್ಲಿದ್ದೆ. ಶಿವಶಂಕರ್ ತನ್ನ ಬೈಕಿನಲ್ಲೇ ಕ್ಲಿನಿಕ್ಕಿಗೆ ಕರೆದೊಯ್ದು, ಮಾಲೀಕ ಪರಿಹಾರ ಕೊಡುವ ಹಾಗಾಗಬಾರದೆಂದು, ಮನೆಯ ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಬರೆಸಿದ. ಹಾಗಂದರೆ ಕೆಲಸ ಉಳಿಸುತ್ತೇನೆ ಎಂದ. ಕಾಕಾ ಹೂಂ ಎಂದ. ಅವತ್ತಿನಿಂದ ಶಿವಶಂಕರನ ಮುಖ ಕಂಡರೆ ನನ್ನ ಮೈ ಉರಿಯುತ್ತದೆ.

ಇಲ್ಲಿ ಪಾಸ್ ರದ್ದಾದರೆ, ಕೆಲಸಕ್ಕೆ ಬಾರದವನು ಎಂದು ಪೀಣ್ಯದಲ್ಲೂ ಕಾಕಾನನ್ನು ಹೊರಗೆ ಹಾಕುತ್ತಾರೆ.

ಮೊದಲ ದಿನ ಅವನೇ ದಾರಿ ಕಂಡುಕೊಂಡ. ಅಂಗೈ ಜೋಡಿಸಿ ತಲೆಯ ಮೇಲೆ ಎತ್ತಿ ಎಂದಾಗ, ಎಡಗೈಯಿಂದ ಬಲಗೈಯನ್ನು ಒತ್ತಿ ಒತ್ತಿ ಏರಿಸಿದ. ಹಲ್ಲು ಕಚ್ಚಿದ್ದ, ಆದರೆ ಕೈ ಏರಿತು.

“ಹೆಂಗ ಮಾಡಿದಿ ಕಾಕಾ?” ಎಂದೆ.

“ಮಷಿನ್ ಎತ್ತಾಕ ಏನ್ ಕೊಡತೀವಲೇ? ಜಾಕಿ. ಎಡಗೈಲೆ ಜಾಕಿ ಕೊಟ್ಟೆ.”

“ನೋವು?”

“ಮಷಿನ್ ಅಳತೈತೇನು? ಸುಮ್ಕ ನಡಿ.”

ಎರಡು ದಿನ ಹಾಗೇ ದಾಟಿತು. ಮೂರನೆಯ ದಿನ, ಯೋಗ ಹೇಳಿಕೊಡುವ ಕೃಪಾ ಮೇಡಂ ಹೊಸ ಆಸನ ಶುರು ಮಾಡಿದರು. “ಎಡಗೈ ತೊಡೆಗೆ ಅಂಟಿರಲಿ. ಬಲಗೈ ಒಂದೇ ಮೇಲಕ್ಕೆ, ಕಿವಿಗೆ ತಾಗಬೇಕು.”

ಎಡಗೈ ತೊಡೆಯ ಮೇಲಿದ್ದರೆ ಜಾಕಿ ಎಲ್ಲಿಂದ ಬರಬೇಕು?

ನಲವತ್ತು ಕೈ ಮೇಲೆದ್ದವು. ಕಾಕಾನದು ಬಸ್ಸಿಗೆ ಅಡ್ಡ ಹಿಡಿದ ಹಾಗೆ ಅರ್ಧಕ್ಕೇ ನಿಂತಿತು. ನಾನು ಮೈ ಅಡ್ಡ ತಂದೆ. ರುದ್ರೇಶ್ ನನ್ನನ್ನು ಸುತ್ತಿ ಕಾಕಾನ ಮುಂದೆ ಬಂದ.

“ಕೈ ಎತ್ತಿ ಯಜಮಾನ್ರೇ.”

“ಎತ್ತೀನ್ರಿ ಸಾರ್.”

“ಇನ್ನೂ ಮೇಲೆ.”

“ಇಷ್ಟರಿ ಸಾರ್.”

ಮುಂದಿನ ಸಾಲಿನಿಂದ ಶಿವಶಂಕರ್ ನಗುತ್ತ ತಿರುಗಿದ. “ಬಿಡಿ ಸಾರ್, ಬಚ್ಚಲಲ್ಲಿ ಜಾರಿ ಬಿದ್ದು ಮಾಡ್ಕೊಂಡಿದ್ದು. ವಯಸ್ಸಾಯ್ತು. ಬೇರೆಯವ್ರನ್ನ ಕರೆಸ್ತೀನಿ, ನಾಳೆನೇ ಬರ್ತಾರೆ.”

ನಾಳೆನೇ! ಕಾಕಾನಿಂದ ಸುಳ್ಳು ಹೇಳಿಸಿದ, ಈಗ ಕೆಲಸವನ್ನೂ ಕಿತ್ತುಕೊಂಡ. ನನ್ನ ಕೈ ತಾನಾಗಿ ಕೆಳಗಿಳಿಯಿತು.

“ಚೈನ್ ಪುಲ್ಲಿ ಬಚ್ಚಲದಾಗ ಕಟ್ಟಿದ್ರೇನ್ರಿ ಸಾರ್?” ಎಂದೆ. ಇಡೀ ಅಂಗಳಕ್ಕೆ ಕೇಳಿತು.

“ಲೇ ಹನುಮೇಶ, ಬಾಯ್ಮುಚ್ಚೋ. ನಿಂಗೂ ಕೆಲಸ ಬೇಡ್ವಾ?”

“ಬ್ಯಾಡ.”

ರುದ್ರೇಶ್ ಕಾಕಾನ ಕಡೆ ತಿರುಗಿದ. “ಅವ್ರಿಬ್ರೂ ಏನಾದ್ರೂ ಅನ್ಲಿ. ಎಲ್ಲಿ ಆಗಿದ್ದು, ನೀವ್ ಹೇಳಿ. ನೀವ್ ಹೇಳಿದ್ದೇ ಬರೀತೀನಿ.”

ಕಾಕಾ ಕೈ ಇಳಿಸುವುದನ್ನೇ ಮರೆತಿದ್ದ. ಶಿವಶಂಕರ್ ಕಣ್ಣಲ್ಲೇ ಬೇಡ, ಬೇಡ ಎನ್ನುತ್ತಿದ್ದ. ಕಾಕಾ ಅವನನ್ನು ನೋಡಿದ, ನನ್ನನ್ನು ನೋಡಲಿಲ್ಲ.

“ಪೀಣ್ಯದಾಗ ಆತ್ರಿ. ವರ್ಕ್‌ಶಾಪಿನಾಗ. ಡ್ಯೂಟಿ ಮ್ಯಾಲಿದ್ದೆ.”

ಪಾಸ್ ರದ್ದು ಮಾಡುವ ಕಾಗದದಲ್ಲಿ ರುದ್ರೇಶ್ ಕಾಕಾ ಹೇಳಿದ್ದನ್ನು ಹೇಳಿದ ಹಾಗೇ ಬರೆದ, ಸೀಲು ಹಾಕಿದ, ಒಂದು ಪ್ರತಿ ಕಾಕಾನಿಗೆ ಕೊಟ್ಟ. ಆಮೇಲೆ ಪಾಸ್ ಕಿತ್ತುಕೊಂಡ. ನನ್ನ ಪಾಸನ್ನು ಶಿವಶಂಕರನೇ ಕಿತ್ತುಕೊಂಡ.

ಹತ್ತು ಗಂಟೆಗೆ ಟೂಲ್ ಬ್ಯಾಗ್ ಹೊತ್ತು ಮೆಟ್ರೋ ಹತ್ತಿದೆವು. ಆರ್.ವಿ. ರೋಡಿನಲ್ಲಿ ಬದಲಾಯಿಸಿ, ನಾವಿಬ್ಬರೂ ಬಾಡಿಗೆಗಿದ್ದ ನಾಗಸಂದ್ರದ ಕಡೆಯ ಗಾಡಿ ಹಿಡಿದೆವು. ಯಶವಂತಪುರ ದಾಟಿದ ಮೇಲೆ ಕಾಕಾ ನನ್ನ ಕಡೆ ತಿರುಗಿದ.

“ನಿನ್ನ ಯಾರ್ ಕೇಳಿದ್ರಲೇ?”

“ಯಾರೂ ಕೇಳಿಲ್ಲ.”

“ಇನ್ನೂ ಎಂಟು ದಿನದ ಕೆಲಸ ಇತ್ತು.”

“ಇತ್ತು.”

ಎಡಗೈಯಿಂದ ಜೇಬಿನ ಕಾಗದ ತೆಗೆದು ನನ್ನ ತೊಡೆಯ ಮೇಲೆ ಹಾಕಿದ. “ಓದು.”

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಹೇಳಿದೆ: ಬಲಗೈ ಭುಜದ ಮೇಲಕ್ಕೆ ಏರುವುದಿಲ್ಲ. ಕಾರಣ, ಪೀಣ್ಯದ ವರ್ಕ್‌ಶಾಪಿನಲ್ಲಿ ಡ್ಯೂಟಿ ಮೇಲಿದ್ದಾಗ ಆದ ಅಪಘಾತ.

“ಬಚ್ಚಲ ಅಂತ ಎಲ್ಲೂ ಇಲ್ಲಲ್ಲ?”

“ಎಲ್ಲೂ ಇಲ್ಲ.”

ಪೀಣ್ಯ ಇಂಡಸ್ಟ್ರಿ ಸ್ಟೇಷನ್ ಬಂತು. ಕಾಕಾ ಎದ್ದು ನಿಂತ.

“ನಮ್ಮ ರೂಮಿಗೆ ಹೋಗಾಕ ನಾಗಸಂದ್ರಕ್ಕ ಇಳೀಬೇಕಲ್ಲ ಕಾಕಾ?”

“ರೂಮಿಗೆ ಆಮ್ಯಾಲ. ಮಾಲಕನ ಮುಂದ ಇದನ್ನ ಓದಾಕ ನೀ ಬೇಕು.” ಬಾಗಿಲು ತೆರೆಯಿತು. “ಮೊದಲ ಎರಡು ಜೆರಾಕ್ಸ್ ತಗಸೂಣು. ಅವ್ರು ಹರದರ ಹರೀಲಿ.”