ಹಳದಿ ಮಗು, ನೀಲಿ ಬೆಳಕು

ಹುಟ್ಟಿದ ಮೂರನೇ ದಿನಕ್ಕೆ ನನ್ನ ಮಗಳು ಮಾಗಿದ ನಿಂಬೆಹಣ್ಣಿನ ಹಾಗೆ ಹಳದಿಯಾದಳು. ಆಸ್ಪತ್ರೆಯವರು ಅವಳ ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪದ ಕೆಳಗೆ ಮಲಗಿಸಿದರು. ಸಂಜೆಯೊಳಗೆ ಕಾಮಾಲೆ ಇಳಿಯದಿದ್ದರೆ ಮೈಯ ರಕ್ತವನ್ನೇ ಬದಲಾಯಿಸಬೇಕಾದೀತು ಎಂದು ಡಾಕ್ಟರು ಹೇಳಿ ಹೋದರು.

ಅವಳು ಕುಂಯ್ ಎಂದರೆ ಸಾಕು, ನಾನು ಮೇಲೆ ಬಗ್ಗಿ ಎದೆ ಸವರುತ್ತಿದ್ದೆ. ಒಮ್ಮೊಮ್ಮೆ ತಡೆಯಲಾರದೆ ಎತ್ತಿಕೊಂಡೂ ಬಿಡುತ್ತಿದ್ದೆ. ಮಧ್ಯಾಹ್ನದ ರಕ್ತಪರೀಕ್ಷೆಯಲ್ಲಿ ಕಾಮಾಲೆ ಒಂದಿಷ್ಟೂ ಇಳಿದಿರಲಿಲ್ಲ. ನರ್ಸಮ್ಮ ದೀಪ ನೋಡಿದರು, ತಂತಿ ನೋಡಿದರು, ಕೊನೆಗೆ ಬಗ್ಗಿ ನಿಂತಿದ್ದ ನನ್ನನ್ನು ನೋಡಿದರು.

"ದೀಪ ಸರಿಯಾಗೇ ಇದೆ. ಅಡ್ಡ ಇರೋದು ನೀವು! ಚರ್ಮದ ಮೇಲೆ ಬೆಳಕು ಬಿದ್ರೇನೇ ಒಳಗಿನ ಹಳದಿ ಅಂಶ ರೂಪ ಬದಲಾಯಿಸಿ ಹೊರಗೆ ಹೋಗೋದು. ನಿಮ್ಮ ನೆರಳು ಬಿತ್ತೋ, ಆ ಕೆಲಸ ನಿಂತ ಹಾಗೇ."

ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಎದ್ದರು. ಅವರು ಶಾಲೆಯ ಡ್ರಿಲ್ ಟೀಚರು, ಮನೆಯಲ್ಲೂ ಬಾಯಲ್ಲಿ ಸೀಟಿ ಇಟ್ಟುಕೊಂಡಂತೆಯೇ ಮಾತು. ಮದುವೆಯಾದಾಗಿನಿಂದ ನನಗೂ ಅವರಿಗೂ ಅಷ್ಟಕ್ಕಷ್ಟೇ. ಬೈಗುಳ ಗ್ಯಾರಂಟಿ ಎಂದುಕೊಂಡೆ.

"ಕುರ್ಚಿ ಹಿಂದಕ್ಕೆ ಎಳ್ಕೋ," ಎಂದರು. ಪಕ್ಕದಲ್ಲೇ ಕೂತು ನನ್ನ ಕೈ ಹಿಡಿದರು. "ಹಾಲು ಕುಡಿಸೋ ಹೊತ್ತಿಗೆ ಬಿಡ್ತೀನಿ. ಅಲ್ಲೀವರೆಗೂ ಈ ಕೈ ನಂದು."

ಮಗು ಅತ್ತಿತು. ನನ್ನ ಕೈ ತಾನಾಗಿ ಅವಳತ್ತ ಜಿಗಿಯಿತು. ಅತ್ತೆಯದು ಉಡದ ಹಿಡಿತ.

"ಅಳ್ಲಿ ಬಿಡೇ, ಅದೂ ಒಂದು ವ್ಯಾಯಾಮ."

ಅಳುತ್ತಿದ್ದ ನನಗೆ ನಗು ಬಂತು. ಹಾಲು ಕುಡಿಸುವಾಗ ನರ್ಸಮ್ಮ ಮಗುವಿನ ಕೆಳಗೆ ಹಾಸಿದ್ದ ಬಟ್ಟೆ ಬದಲಿಸುತ್ತ, "ಹಳದಿ ಹೊರಗೆ ಹೋಗ್ತಾ ಇದೆ ನೋಡಿ," ಎಂದು ತೋರಿಸಿದರು. ಆ ಹಸಿರು ಮಿಶ್ರಿತ ಹಳದಿ ಗಲೀಜನ್ನು ಅತ್ತೆ ಬಂಗಾರ ಕಂಡವರಂತೆ ನೋಡಿದರು. ಮಗು ದೀಪದ ಕೆಳಗೆ ಹೋದ ಕೂಡಲೇ ಮತ್ತೆ ನನ್ನ ಕೈ ಹಿಡಿದರು. ಅಷ್ಟು ಹೊತ್ತು ನಾವಿಬ್ಬರು ಜಗಳವಿಲ್ಲದೆ ಕೂತದ್ದು ಅದೇ ಮೊದಲು, ನನಗೆ ಹಾಯೆನಿಸಿತು.

ಸಂಜೆ ನರ್ಸಮ್ಮ ಮುಖ ಅರಳಿಸಿಕೊಂಡು ಬಂದರು. "ಇಳೀತು ಕಣ್ರೀ! ರಕ್ತ ಬದಲಾಯಿಸೋದೆಲ್ಲ ಬೇಡವಂತೆ. ಹಾಲಿನ ಹೊತ್ತಾಯ್ತು, ಎತ್ಕೊಳ್ಳಿ."

ನಾನು ಎದ್ದೆ. ಕೈ ಬರಲಿಲ್ಲ.

"ಅತ್ತೆ, ಈಗ ಬಿಡಿ."

ಅವರು ಬಿಡಲಿಲ್ಲ. ಮಗುವನ್ನೇ ನೋಡುತ್ತಿದ್ದರು.

"ನಿನ್ನ ಗಂಡನೂ ಹೀಗೇ ಹಳದಿಯಾಗಿದ್ದ ಕಣೇ. ಆವತ್ತು ಹೀಗೆ ನನ್ನ ಕೈ ಹಿಡ್ಕೊಂಡು ಕೂರೋಕೆ ಯಾರೂ ಇರ್ಲಿಲ್ಲ."

ನಾನು ಮತ್ತೆ ಕೂತೆ. "ನೀವೇ ಎತ್ತಿ ಕೊಡಿ ಅತ್ತೆ," ಎಂದೆ.