ಅರವತ್ತಡಿ ವೇದಿಕೆ

“ಏಯ್ ಮುದ್ಕಿ, ಗೆರೆ ಸೊಟ್ಟ ಹೋಗ್ತಾ ಐತೆ! ಕಣ್ಣೇನ್ ಮನೇಲಿ ಬಿಟ್ಬಂದಿದೀಯಾ?”

ಸೂಪರ್‌ವೈಸರ್ ವಸಂತ್ ಕೂಗಿದ್ದು ಓಬಳಮ್ಮನಿಗೆ. ಬಗ್ಗಿದವಳು ತಲೆ ಎತ್ತಲಿಲ್ಲ. ಬಕೆಟ್ಟಿನಿಂದ ಹಿಡಿ ಹಿಡಿ ಬ್ಲೀಚಿಂಗ್ ಪೌಡರ್ ತೆಗೆದು ನೆಲಕ್ಕೆ ಉದುರಿಸುತ್ತ, ತೊಡೆಗೆ ತೊಡೆ ಒತ್ತಿಕೊಂಡು ಮುಂದೆ ಸರಿಯುತ್ತಿದ್ದಳು. ಗೆರೆ ಯಾಕೆ ಸೊಟ್ಟಗಾಗುತ್ತಿದೆ ಎಂಬುದು ಜೊತೆಗಿದ್ದ ನಮಗೆಲ್ಲ ಗೊತ್ತಿತ್ತು.

ಚಾಮರಾಜಪೇಟೆಯ ಆ ಮುಚ್ಚಿದ ಶಾಲೆಯ ಮೈದಾನದಲ್ಲಿ ಪಾಲಿಕೆ, ವಿಶ್ವವಿದ್ಯಾಲಯ ಎರಡೂ ಸೇರಿ ರಂಗಮಂದಿರ ಕಟ್ಟುತ್ತವಂತೆ. ಹತ್ತು ಗಂಟೆಗೆ ಎರಡೂ ಕಡೆಯ ದೊಡ್ಡವರು ಬರುವವರಿದ್ದರು. ಕಾಗದದಲ್ಲಿ ನೋಡಿದರೆ ಅಂದಾಜು ಸಿಗುವುದಿಲ್ಲ, ನೆಲದ ಮೇಲೇ ನಿಜವಾದ ಅಳತೆಗೆ ಬರೆಸಿಬಿಡೋಣ ಎಂದದ್ದು ಇಂಜಿನಿಯರ್ ಮಧುಸೂದನ್. ಮಂತ್ರಿ ಬರುವ ದಿನ ರಸ್ತೆಯಂಚಿಗೆ ಬಿಳಿ ಗೆರೆ ಹಾಕುವವರು ನಾವೇ ತಾನೇ. ಹಾಗಾಗಿ ಬೀದಿ ಗುಡಿಸುವುದನ್ನು ಅರ್ಧಕ್ಕೆ ಬಿಡಿಸಿ ಹನ್ನೊಂದು ಹೆಂಗಸರನ್ನೂ ಇಲ್ಲಿಗೆ ಓಡಿಸಿದ್ದರು.

ಮೈದಾನದ ಮೂಲೆಯಲ್ಲಿ ಶಾಲೆಯ ಹಳೆಯ ಕಕ್ಕಸು. ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಒಂದರವರೆಗೆ ಬೀದಿಯಲ್ಲಿರುವ ನಮಗೆ ಇರುವುದು ಅದೊಂದೇ. ಇವತ್ತು ಅದರ ಬಾಗಿಲಿಗೆ ಹೊಸ ಬೀಗ.

“ದೊಡ್ಡೋರ್ ಮೂಗಿಗೆ ವಾಸ್ನೆ ಬಡೀಬಾರ್ದು ಅಂತ ಹಾಕ್ಸಿದಾರೆ. ಬೀಗದ ಕೈ ನನ್ನತ್ರ ಇಲ್ಲ. ತಡ್ಕೊಳ್ರಮ್ಮ,” ಎಂದಿದ್ದ ವಸಂತ್.

“ನಿನ್ ಹೆಂಡ್ತಿಗೂ ಹಿಂಗೇ ಯೋಳ್ತೀಯೇನಣ್ಣ?” ಎಂದಳು ಪೆದ್ದಕ್ಕ.

“ನಾಲ್ಗೆ ಜಾಸ್ತಿ ಆಗೈತೆ ಮುಂಡೇರ್ಗೆ.”

ಓಬಳಮ್ಮನಿಗೆ ಸಕ್ಕರೆ ಕಾಯಿಲೆ. ಕೆಲಸ ಮುಗಿಯುವವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ, ಆದರೂ ತಡೆಯುವುದಿಲ್ಲ. ಹೋದ ತಿಂಗಳು ಕಾಟನ್‌ಪೇಟೆಯ ಅಂಗಡಿಯೊಂದರ ಮುಂದೆ ಸೀರೆ ಒದ್ದೆಯಾಗಿಹೋಯಿತು. ಅಂಗಡಿಯವನು ಅವಳು ನಿಂತಿದ್ದ ಕಲ್ಲಿನ ಮೇಲೆ ಎರಡು ಬಿಂದಿಗೆ ನೀರು ಸುರಿಸಿದ. ಆ ನೀರನ್ನೂ ಅವಳ ಕೈಯಲ್ಲೇ ಬಳಿಸಿದ. ಅವತ್ತಿನಿಂದ ಅವಳು ನಮ್ಮ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

“ವೇದಿಕೆ ಅರವತ್ತಡಿ,” ಇಂಜಿನಿಯರು ಹಾಳೆ ನೋಡಿ ಓದುತ್ತಿದ್ದರು. “ಇಲ್ಲಿಂದ ಪ್ರೇಕ್ಷಕರ ಸಾಲು. ಆ ಪಕ್ಕ ಟಾಯ್ಲೆಟ್ಟು, ಒಟ್ಟು ನಲವತ್ತೆರಡು.”

ನಾನು ಟೇಪು ಹಿಡಿದೇ ಕೇಳಿದೆ. “ಸಾರ್, ಅದ್ರಲ್ಲಿ ನಮ್ಗೆ ಯಾವ್ದು?”

“ನಿಮ್ಗೆ?” ಅವರು ಹಾಳೆಯನ್ನು ತಿರುಗಿಸಿ ನೋಡಿದರು. “ಇದು ಟಿಕೆಟ್ ತಗೊಂಡೋರಿಗಮ್ಮ. ಕಲಾವಿದರಿಗೆ ಒಳಗಡೆ ಬೇರೆ ಇದೆ.”

“ಮತ್ತೆ ಈಗಿರೋ ಅದು?”

“ಒಡೀತೀವಿ. ಅಲ್ಲಿ ಕೊಳ ಬರುತ್ತೆ. ತಾವರೆ ಕೊಳ.”

ಆ ಕೊಳಕ್ಕೂ ನಾನೇ ಗೆರೆ ಎಳೆದೆ. ಕಕ್ಕಸಿನ ಸುತ್ತ ದುಂಡಗೆ.

ಹತ್ತಕ್ಕೆ ಬರುವವರು ಹನ್ನೊಂದಕ್ಕೆ ಬಂದರು. ನಮ್ಮನ್ನು ಗೋಡೆ ಪಕ್ಕ ನಿಲ್ಲಿಸಿದರು. ಕುಲಪತಿ ಚಂದ್ರಶೇಖರಯ್ಯ, ಪಾಲಿಕೆಯ ಸಾಹೇಬರು, ನಾಟ್ಯ ಕಲಿಸುವ ಪ್ರೊಫೆಸರ್ ರಂಗನಾಯಕಿ, ಹಿಂದೆ ಹತ್ತಾರು ಜನ. ಎಲ್ಲರೂ ಗೆರೆಗಳ ನಡುವೆ ಓಡಾಡಿದರು. ಆಮೇಲೆ ವೇದಿಕೆಯ ಮುಂದೆ ನಿಂತು ಜಗಳ ಶುರುಮಾಡಿದರು.

“ವರ್ಷಕ್ಕೆ ಇನ್ನೂರು ದಿನ ನಮ್ಮ ವಿದ್ಯಾರ್ಥಿಗಳಿಗೆ ಬೇಕೇ ಬೇಕು.”

“ಜಾಗ ನಮ್ದು ಸ್ವಾಮಿ. ನೂರೈವತ್ತರ ಮೇಲೆ ಒಂದ್ ದಿನಾನೂ ಆಗಲ್ಲ.”

“ಹಾಗಿದ್ರೆ ಬೋರ್ಡಲ್ಲಿ ವಿಶ್ವವಿದ್ಯಾಲಯದ ಹೆಸ್ರು ಮೊದ್ಲು ಬರ್ಲಿ.”

“ಅದ್ಹೆಂಗಾಗುತ್ತೆ?”

ಓಬಳಮ್ಮ ನನ್ನ ರಟ್ಟೆ ಹಿಡಿದಳು. ಅಂಗೈ ತಣ್ಣಗೆ ಬೆವರಿತ್ತು. “ನರಸೂ, ಇನ್ ಆಗಾಕಿಲ್ಲ ಕಣೆ. ಅವತ್ನಂಗೇ ಆಗೋಯ್ತದೆ.”

ನಾನು ವಸಂತನ ಕಡೆ ಹೋದೆ. “ಅಣ್ಣಾ, ಕಾಲ್ ಹಿಡ್ಕಂತೀನಿ, ಬೀಗ ತೆಗ್ಸು.”

“ವಾಚ್‌ಮನ್ ಕಾಫಿಗೆ ಹೋಗವ್ನೆ. ಅರ್ಧ ಗಂಟೆ ಸುಮ್ನೆ ನಿಂತ್ಕೊಂಡ್ರೆ ಏನ್ ಸತ್ತೋಗ್ತಾಳಾ?”

ಅಷ್ಟರಲ್ಲಿ ರಂಗನಾಯಕಿ ಮೇಡಂ ನಮ್ಮನ್ನು ಕಂಡರು. ನಗುತ್ತ ಹತ್ತಿರ ಬಂದು ಓಬಳಮ್ಮನ ಮುಂದೆ ಕೈ ಮುಗಿದರು. “ಇಷ್ಟು ಚೆಂದ ಗೆರೆ ಹಾಕಿದೋರು ನೀವೇನಾ ಅಮ್ಮ? ಕೆಲ್ಸ ಮಾಡ್ತಾ ಹಾಡು ಹೇಳ್ತೀರಲ್ವಾ, ಒಂದು ಹೇಳಿ. ಈ ವೇದಿಕೆ ಮೇಲೆ ಮೊದಲ್ನೇ ಹಾಡು ನಿಮ್ದೇ ಆಗ್ಲಿ.”

ಯಾರೋ ಫೋನು ಎತ್ತಿ ಹಿಡಿದರು. ಜಗಳವಾಡುತ್ತಿದ್ದವರೂ ನಗುಮುಖ ಮಾಡಿ ತಿರುಗಿದರು.

ಓಬಳಮ್ಮ ತುಟಿ ಕಚ್ಚಿಕೊಂಡು ನಿಂತಿದ್ದಳು.

“ನಾಚ್ಕೋಬೇಡಿ. ಬರುತ್ತೆ, ಹೇಳಿ.”

“ನಂಗ್ ಬತ್ತಿರೋದು ಹಾಡಲ್ಲ ಕಣ್ ತಾಯಿ,” ಎಂದಳು ಓಬಳಮ್ಮ. “ಉಚ್ಚೆ.”

ಮೇಡಂ ನಗು ಹಾಗೇ ನಿಂತಿತು. ವಸಂತ್ ಧಾವಿಸಿ ಬಂದ. “ಏಯ್, ಮುಚ್ಕೊಂಡ್ ಹಿಂದಕ್ ನಡಿಯೇ!”

ಅವಳು ಹಿಂದಕ್ಕೆ ಹೋಗಲಿಲ್ಲ. ಕಾಲು ಬಿಗಿಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ತಾನೇ ಎಳೆದ ಗೆರೆ ದಾಟಿ, ವೇದಿಕೆಯ ನಟ್ಟನಡುವೆ ಹೋಗಿ ನಿಂತಳು. ನಮ್ಮ ಕಡೆ ನೋಡಿದಳು. ಒಂದು ತಿಂಗಳಾದ ಮೇಲೆ ನೇರವಾಗಿ ನೋಡಿದಳು.

ಮೊದಲು ಹೊರಟವಳು ಪೆದ್ದಕ್ಕ. ಯೂನಿಫಾರಂ ಕೋಟಿನೊಳಗೆ ಸಿಕ್ಕಿಸಿದ್ದ ಸೆರಗನ್ನು ಕಿತ್ತು ಹೊರಗೆಳೆದಳು. ನಾನೂ ಎಳೆದೆ. ಹತ್ತು ಜನ ಸುತ್ತ ನಿಂತು, ಒಬ್ಬರ ಸೆರಗಿನ ತುದಿ ಇನ್ನೊಬ್ಬರ ಕೈಗೆ ಕೊಟ್ಟು, ಮುಖ ದೊಡ್ಡವರ ಕಡೆ ಮಾಡಿ ಹಿಡಿದೆವು. ನಮ್ಮ ಬೆನ್ನ ಹಿಂದೆ ಓಬಳಮ್ಮ ಕುಳಿತ ಸದ್ದಾಯಿತು.

ಅಷ್ಟು ಜನರಿದ್ದ ಮೈದಾನದಲ್ಲಿ ಅದೊಂದೇ ಸದ್ದು.

ನನ್ನ ಪಾದಗಳ ನಡುವಿನಿಂದ ನೀರು ಹರಿದು ಬಂತು. ಇಳಿಜಾರು ಹುಡುಕಿಕೊಂಡು ವೇದಿಕೆಯ ಅಂಚಿಗೆ ಹೋಗಿ ಬಿಳಿ ಗೆರೆಯನ್ನು ಒಡೆಯಿತು. ಘಾಟು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಬೂಟುಗಳು ಹಿಂದೆ ಸರಿದವು. ಕುಲಪತಿಗಳು ಕರವಸ್ತ್ರ ತೆಗೆದರು. ಎತ್ತಿದ್ದ ಫೋನು ಎತ್ತಿದಂತೆಯೇ ಇತ್ತು.

“ಒಬ್ಬೊಬ್ರ ಹೆಸ್ರೂ ಬರ್ಕೊಂತೀನಿ!” ವಸಂತನ ಗಂಟಲು ಒಡೆದಿತ್ತು. “ನಾಳೆಯಿಂದ ಒಬ್ಳಿಗೂ ಕೆಲ್ಸ ಇಲ್ಲ! ಇಳ್ಸ್ರೇ ಸೆರಗು! ಇಳ್ಸ್ರೇ ಅಂದೆ!”

ಮನೆಯಲ್ಲಿ ಇನ್ನೂ ಮಲಗಿರುವಾಗಲೇ ಬಿಟ್ಟು ಬಂದ ಮಗಳ ನೆನಪಾಯಿತು. ಪಕ್ಕದ ಪೆದ್ದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಬೆನ್ನ ಹಿಂದಿನಿಂದ ಓಬಳಮ್ಮನ ದನಿ ಬಂತು.

“ಇನ್ನೂ ಆಗಿಲ್ಲ. ಹಿಡ್ಕಂಡಿರ್ರೇ.”