ವಾಪಸು ತಂದುಕೊಡಬಾರದ ಮಡಕೆ

ನನ್ನ ಬಾಯಿ ಕೆಟ್ಟದ್ದು. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಿದರೆ ಮಾತ್ರ ಸುಮ್ಮನಿರುವುದಿಲ್ಲ. ಆ ಬಾಯಿಯ ದೆಸೆಯಿಂದಲೇ ಹೊಸ ವರ್ಷದ ಮೂರನೆಯ ದಿನ ಎದುರುಮನೆ ಸೂಚಿನ್‌ಳ ಬಾಗಿಲ ಮುಂದೆ ಹೋಗಿ ನಿಲ್ಲಬೇಕಾಯಿತು. ಎರಡು ವರ್ಷದಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ನಾನು ಬೀದಿಗೆ ಬಂದರೆ ಅವಳು ಬಾಗಿಲು ಹಾಕುತ್ತಿದ್ದಳು, ಅವಳು ಬಂದರೆ ನಾನು ಒಡೆಯಲಿಟ್ಟ ಕಡಲ ಸಿಂಪಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ನನ್ನ ಗಂಡ ತಿಂಗ್‌ಫೂ ದೋಣಿ ಬಡಗಿ. ಬೆಳಿಗ್ಗೆ ಮೂರು ಬಟ್ಟಲು ಗಂಜಿ ಕುಡಿಯದೆ ಉಳಿ ಮುಟ್ಟಿದವನಲ್ಲ. ಚಳಿ ಶುರುವಾದಾಗ ಹನ್ನೆರಡು ದಿನ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಊಟವನ್ನೂ ಕಟ್ಟಿಕೊಂಡು ಹೋಯಿತು. ಬಾಯಿ ಒಣಗುತ್ತದೆ, ಎದೆಯ ಕೆಳಗೆ ಉರಿಯುತ್ತದೆ, ಹಸಿವು ಅನ್ನುತ್ತಾನೆ, ತುತ್ತಿಟ್ಟರೆ ಇಳಿಯುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿ, ಗಡ್ಡೆ ಗಿಡ್ಡೆ ಏನೂ ಇಲ್ಲ ಅಂದರು. ಏನೂ ಇಲ್ಲದ ಮನುಷ್ಯ ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದ. ಬೆಲ್ಟಿಗೆ ತಾನೇ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡ.

ಕೊನೆಗೆ ಲಾಯ್ ಪಂಡಿತರ ಹತ್ತಿರ ಹೋದೆವು. ಎರಡೂ ಕೈಯ ನಾಡಿ ಹಿಡಿದರು, ನಾಲಿಗೆ ನೋಡಿದರು. ಸಿಪ್ಪೆ ಸುಲಿದಂತೆ ಕೆಂಪಗೆ ಹೊಳೆಯುತ್ತಿತ್ತು.

"ಜ್ವರ ಹೊಟ್ಟೆಯ ಪಸೆನೆಲ್ಲ ಹೀರ್ಕೊಂಡ್ಬಿಟ್ಟಿದೆ. ನೀರಿಲ್ಲದ ಪಾತ್ರೆಗೆ ಅಕ್ಕಿ ಸುರಿದ್ರೆ ಬೇಯುತ್ತೇನಮ್ಮ? ಸೀದುಹೋಗುತ್ತೆ. ಮೊದಲು ಪಸೆ ಬರ್ಲಿ, ಊಟ ತಾನಾಗೇ ಬರುತ್ತೆ" ಅಂದರು. ನಾಲ್ಕು ಬಗೆಯ ಬೇರು, ಮೇಲೊಂದು ತುಂಡು ಕಲ್ಲುಸಕ್ಕರೆ. ಅಷ್ಟೇ ಮದ್ದು. ದಿನಕ್ಕೊಂದು ಪೊಟ್ಟಣ.

ಐದು ದಿನ ಕುಡಿಸಿದೆ. ಏನೂ ಆಗಲಿಲ್ಲ. ರೇಗಿಕೊಂಡು ಹೋಗಿ ಪಂಡಿತರನ್ನು ತರಾಟೆಗೆ ತೆಗೆದುಕೊಂಡರೆ ಅವರು ಕೇಳಿದ್ದು ಒಂದೇ ಮಾತು. "ಯಾತರಲ್ಲಿ ಕುದಿಸ್ದೆ?"

"ಬಾಣಲೇಲಿ."

"ಕಬ್ಬಿಣದ್ದಾ? ಥೂ ನಿನ್ನ! ಅರವತ್ತು ವರ್ಷ ಅನ್ನ ತಿಂದೋಳು ನೀನು, ಬೇರಿನ ಮದ್ದು ಕಬ್ಬಿಣಕ್ಕೆ ತಾಕಬಾರ್ದು ಅಂತ ಗೊತ್ತಿಲ್ವಾ? ಮದ್ದಿನ ಮಡಕೆ ಎಲ್ಲಿ?"

ಎಲ್ಲಿ ಅಂತ ಹೇಳಲಿ? ಹೊಸದೊಂದು ಮಣ್ಣಿನ ಮಡಕೆ ಕೊಂಡೆ. ಹೊಸ ಮಡಕೆಯನ್ನು ನೀರಲ್ಲಿ ನೆನೆಹಾಕಿ, ಅಕ್ಕಿ ಗಂಜಿ ಕುದಿಸಿ ಪಳಗಿಸಬೇಕು. ನನಗೆಲ್ಲಿದೆ ತಾಳ್ಮೆ! ನೇರವಾಗಿ ಉರಿಯ ಮೇಲಿಟ್ಟೆ. ಫಟ್ ಅಂತ ಎರಡು ಹೋಳಾಯಿತು. ಅಷ್ಟರಲ್ಲಿ ಹೊಸ ವರ್ಷದ ಹಬ್ಬ ಬಂತು. ಐದನೆಯ ದಿನದವರೆಗೆ ಅಂಗಡಿಗಳು ತೆರೆಯುವುದಿಲ್ಲ, ಹಬ್ಬದಲ್ಲಿ ಮದ್ದಿನ ಮಡಕೆ ಕೇಳಿದರೆ ಅಪಶಕುನವೆಂದು ಯಾರೂ ಕೊಡುವುದಿಲ್ಲ. ವರ್ಷದ ಕೊನೆಯ ರಾತ್ರಿಯ ಊಟಕ್ಕೆ ಇಡೀ ಮೀನು ಬೇಯಿಸಿಟ್ಟರೆ ಅವನು ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡ. ಹೊಸ ವರ್ಷದ ಎರಡನೆಯ ದಿನ ಗಂಜಿಯ ತಿಳಿಯೂ ಬೇಡ ಅಂದ. ಈ ಮನುಷ್ಯ ನನ್ನ ಕೈತಪ್ಪಿ ಹೋಗುತ್ತಾನೆ ಅಂತ ಆಗ ನನಗೆ ನಿಜವಾಗಿ ಭಯವಾಯಿತು.

ನನ್ನ ಮಡಕೆ ಇದ್ದದ್ದು ಸೂಚಿನ್‌ಳ ಮನೆಯಲ್ಲಿ. ನಮ್ಮತ್ತೆಯ ಕಾಲದ್ದು, ಹೊಗೆ ಹಿಡಿದು ಕಪ್ಪಗಾದದ್ದು. ಅವಳ ಗಂಡನಿಗೆ ಕೆಮ್ಮು ಬಂದಾಗ ಒಯ್ದಿದ್ದಳು. ಮದ್ದಿನ ಮಡಕೆಯನ್ನು ಎರವಲು ಒಯ್ಯಬಹುದು, ವಾಪಸು ತಂದುಕೊಡಬಾರದು. ತಂದುಕೊಟ್ಟರೆ ಕಾಯಿಲೆಯನ್ನೇ ತಂದುಕೊಟ್ಟ ಹಾಗೆ. ಬೇಕಾದಾಗ ಮಡಕೆಯ ಯಜಮಾನಿ ತಾನೇ ಹೋಗಿ ತರಬೇಕು. ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ಮಾತು ಇದು. ಆದರೆ ಸೂಚಿನ್‌ಳ ಸೊಸೆ ಮಿನ್‌ಹುಯ್ ಹಿಮ ಬೀಳುವ ಬಡಗಣ ಸೀಮೆಯವಳು, ಎರಡು ವರ್ಷದ ಹಿಂದೆ ಆಗಷ್ಟೇ ಮದುವೆಯಾಗಿ ಬಂದು ತಿಂಗಳಾಗಿತ್ತು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ. ಮಡಕೆಯನ್ನು ಫಳಫಳ ತೊಳೆದು, ಬರಿದಾಗಿ ಕೊಡಬಾರದೆಂದು ಒಳಗೆ ಆರು ಕಿತ್ತಳೆ ಇಟ್ಟು, ಎರಡೂ ಕೈಯಲ್ಲಿ ಹಿಡಿದು ನಗುತ್ತಾ ನನ್ನ ಹೊಸ್ತಿಲಿಗೆ ಬಂದಳು.

ನಾನು ಬೀದಿ ಒಂದಾಗುವಂತೆ ಕಿರುಚಿದೆ. "ನಮ್ಮನೇಗೆ ರೋಗ ಹೊತ್ಕೊಂಡು ಬಂದ್ಯೇನೇ, ಹಾಳಾದೋಳೇ!" ಕಿತ್ತಳೆಗಳನ್ನು ಚರಂಡಿಗೆ ಎಸೆದೆ. ಆ ಹುಡುಗಿ ಮಡಕೆ ತಬ್ಬಿಕೊಂಡು ಅಳುತ್ತಾ ವಾಪಸು ಓಡಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಹೀಗೆ ಹಬ್ಬದ ಮೂರನೆಯ ದಿನ ತಲೆಗೆ ಹೂವಿನ ದಂಡೆ ಮುಡಿದು ಹೊರಟೆ. ಹಬ್ಬದಲ್ಲಿ ಹೂವಿಲ್ಲದೆ ನಮ್ಮ ಹೆಂಗಸರು ಹೊರಗೆ ಬರುವುದಿಲ್ಲ. ಬಾಗಿಲು ತೆರೆದ ಸೂಚಿನ್ ಮೇಲಿಂದ ಕೆಳಗೆ ನೋಡಿದಳು.

"ಓಹೋಹೋ, ಪೇಲಾನ್ ಅಕ್ಕ! ಹೊಟ್ಟೆಗೆ ಹಿಟ್ಟಿಲ್ದೇ ಇದ್ರೂ ಜುಟ್ಟಿಗೆ ಮಲ್ಲಿಗೆ ಅಂತೆ. ದಾರಿ ತಪ್ಪಿ ಬಂದ್ರಾ?"

"ಹೌದು ಕಣೇ, ನಮ್ಮನೇಲಿ ಹೊಟ್ಟೆಗೆ ಹೋಗ್ತಿಲ್ಲ" ಅಂದೆ. ಏನೇನೋ ಅನ್ನಬೇಕೆಂದು ಬಂದಿದ್ದೆ, ಅದನ್ನೆಲ್ಲ ಬಿಟ್ಟು ನೇರವಾಗಿ ಕೇಳಿದೆ. "ನಿನ್ನ ಭಾವ ನಿನ್ನೆಯಿಂದ ಗಂಜಿ ತಿಳಿಯೂ ಮುಟ್ಟಿಲ್ಲ. ಮಡಕೆ ಬೇಕು."

ಸೂಚಿನ್‌ಳ ಮುಖ ಇಳಿಯಿತು. "ಅಯ್ಯೋ, ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ನಾನು ತಂದ್ಕೊಡೋ ಹಾಗಿದ್ರೆ ಯಾವತ್ತೋ ತರ್ತಿದ್ದೆ. ತಂದ್ರೆ ನೀನು ನನ್ನ ತಲೆ ಒಡೀತಿದ್ದೆ!"

ಮಡಕೆ ತಂದವಳು ಮಿನ್‌ಹುಯ್. ನನ್ನ ಕೈಗೆ ಕೊಡಲು ಬಂದವಳು ಅರ್ಧಕ್ಕೇ ನಿಂತಳು. "ಅತ್ತೆ, ನಾನು ಕೈಗೆ ಕೊಟ್ರೆ ತಪ್ಪಾಗುತ್ತಾ? ಕೆಳಗಿಡ್ಲಾ?" ಅಂತ ಸೂಚಿನ್‌ಳನ್ನು ಪಿಸುಗುಟ್ಟಿ ಕೇಳಿದಳು. ಎರಡು ವರ್ಷವಾದರೂ ಹೆದರಿಕೆ ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು. ನಾನೇ ಮುಂದೆ ಹೋಗಿ ಅವಳ ಕೈಯಿಂದ ಮಡಕೆ ತೆಗೆದುಕೊಂಡೆ.

"ಅವತ್ತು ನಿಂದೇನೂ ತಪ್ಪಿರ್ಲಿಲ್ಲ ಮಗು. ನನ್ನ ನಾಲಿಗೆಗೆ ಬೆಂಕಿ ಹಾಕ" ಅಂದೆ.

ಈ ಸಲ ಬೇರುಗಳನ್ನು ಸರಿಯಾಗಿ ನೆನೆಸಿ, ಸಣ್ಣ ಉರಿಯಲ್ಲಿ ಮಡಕೆಯ ಮುಂದೆಯೇ ಕೂತೆ, ಕೊನೆಗೆ ಕಲ್ಲುಸಕ್ಕರೆ ಹಾಕಿದೆ. ಮೊದಲ ದಿನ ತಿಂಗ್‌ಫೂ ನಾಲ್ಕು ಗುಟುಕು ಕುಡಿದು, "ಇದು ಸಿಹಿಯಾಗಿದೆಯಲ್ಲೇ, ಆವತ್ತು ಕೊಟ್ಟಿದ್ದು ಮಸಿನೀರು" ಅಂದ. ಮೂರನೆಯ ದಿನ ರಾತ್ರಿ ನೀರು ಕೇಳಲು ಏಳಲಿಲ್ಲ. ಆರನೆಯ ದಿನ ಬೆಳಿಗ್ಗೆ ನಾನು ಸಿಂಪಿ ಒಡೆಯುತ್ತಿದ್ದಾಗ ಒಳಗಿಂದ ಗದರಿದ.

"ಏನೇ ಇದು, ಗಂಜಿಗೆ ನಂಜಿಕೊಳ್ಳೋಕೆ ಉಪ್ಪು ಹಾಕಿದ ಸಾಸಿವೆ ಸೊಪ್ಪು ಇಷ್ಟೇನಾ? ಇನ್ನೊಂದು ಬಟ್ಟಲು ಗಂಜಿಗೆ ಇದು ಸಾಲುತ್ತಾ?"

ಇನ್ನೊಂದು ಬಟ್ಟಲು! ಅಬ್ಬಾ, ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಬೈಸಿಕೊಂಡು ನಾನು ಅಷ್ಟು ಸಂತೋಷಪಟ್ಟಿದ್ದೇ ಇಲ್ಲ. ಸಿಂಪಿ ಒಡೆಯುವ ಚೂರಿ ಅಲ್ಲೇ ಬಿಸಾಕಿ ಒಳಗೆ ಓಡಿದೆ. ಅವನು ತಿನ್ನುವುದನ್ನು ನೋಡುತ್ತಾ ಹೋ ಎಂದು ಅತ್ತೆ. "ಉಂಡ್ರೂ ಅಳ್ತೀಯ, ಉಣ್ಣದಿದ್ರೂ ಅಳ್ತೀಯ" ಅಂತ ಮತ್ತೆ ಬೈದ.

ಆಮೇಲೆ ಕಷಾಯದ ಚರಟವನ್ನೆಲ್ಲ ಒಯ್ದು ಬೀದಿ ಕೂಡುವಲ್ಲಿ ಸುರಿದೆ. ದಾರಿಹೋಕರ ಕಾಲಿಗೆ ಸಿಕ್ಕಿ ಕಾಯಿಲೆ ಊರು ಬಿಡಲಿ ಅಂತ ಸುರಿಯುವುದು. ಆದರೆ ತುಳಿದವರ ಬೆನ್ನು ಹತ್ತೀತು ಅಂತ ಎಲ್ಲರಿಗೂ ಅಳುಕು. ಬಾಗಿಲಲ್ಲಿ ನಿಂತು ನೋಡಿದೆ. ಮೀನು ಮಾರುವವಳು ಬಳಸಿಕೊಂಡು ಹೋದಳು. ಸೈಕಲ್ಲಿನವನೂ ಬಳಸಿಕೊಂಡು ಹೋದ. ಯಾರನ್ನು ದೂರಲಿ? ನಾನಾದರೂ ತುಳಿಯುತ್ತಿರಲಿಲ್ಲ.

ಎದುರುಮನೆ ಬಾಗಿಲು ತೆರೆಯಿತು. ಮಿನ್‌ಹುಯ್ ಹಬ್ಬದ ಹೊಸ ಕೆಂಪು ಬೂಟು ಹಾಕಿಕೊಂಡು ಹೊರಗೆ ಬಂದಳು. ಚರಟ ನೋಡಿದಳು, ನನ್ನನ್ನೂ ನೋಡಿದಳು. ಪಾಪ, ಇದೂ ಅವಳಿಗೆ ಗೊತ್ತಿಲ್ಲ ಅಂದುಕೊಂಡು, "ಬೇಡ ಮಗು, ಆ ಕಡೆಯಿಂದ ಹೋಗು!" ಅಂತ ಕೂಗಿದೆ.

"ಗೊತ್ತು ದೊಡ್ಡಮ್ಮ. ಈ ಸಲ ಅತ್ತೇನ ಕೇಳ್ಕೊಂಡೇ ಬಂದೆ" ಅಂದಳು. ನೆಟ್ಟಗೆ ಅದರ ಮೇಲೆ ಹೋಗಿ ನಿಂತು, ಒಂದೊಂದೇ ಹೆಜ್ಜೆಯಾಗಿ ಚೆನ್ನಾಗಿ ತುಳಿದು, ತಿರುಗಿ ಬಂದು ಇನ್ನೊಂದು ಸಲ ತುಳಿದಳು.

"ಇಷ್ಟು ಸಾಕಾ ದೊಡ್ಡಮ್ಮ?"